ತಾರಸಿ ರೂಮಿನ ಗೃಹಪ್ರವೇಶ

ಒಳಗಿನಿಂದ ಬಾಗಿಲು ಹಾಕಿಕೊಳ್ಳಲು ತನ್ನದೇ ಒಂದು ಕೋಣೆ ಇರುವುದು ಎಂಥ ಭಾಗ್ಯ ಎಂಬುದು ವಠಾರದಲ್ಲಿ ಬೆಳೆದವರಿಗಷ್ಟೇ ಗೊತ್ತು. ನಾನು ಬೆಳೆದದ್ದು ಹಲಸೂರಿನ ಒಂದು ವಠಾರದ ಒಂದೂವರೆ ಕೋಣೆಯಲ್ಲಿ. ಅಷ್ಟರಲ್ಲೇ ಏಳು ಜನ. ಅಲ್ಲಿ ಅಳುವುದಕ್ಕೂ ಸರದಿ ಕಾಯಬೇಕಿತ್ತು. ಒಂಬತ್ತನೇ ಕ್ಲಾಸಿನಲ್ಲಿ ನಾನು ಗಣಿತದಲ್ಲಿ ಫೇಲಾದಾಗ ಮೂಲೆಯಲ್ಲಿ ಕೂತು ಒಂದಿಷ್ಟು ಅಳೋಣವೆಂದು ಹೋದರೆ, ಅಲ್ಲಿ ನನ್ನ ಅಕ್ಕ ಯಾವುದೋ ಗಂಡು ತಪ್ಪಿಹೋಯಿತೆಂದು ಆಗಲೇ ಅಳುತ್ತ ಕೂತಿದ್ದಳು. ಇನ್ನೊಂದು ಮೂಲೆಯಲ್ಲಿ ಅಜ್ಜಿ ಜಪ ಮಾಡುತ್ತಿದ್ದಳು. ಮೂರನೆಯದರಲ್ಲಿ ಅಕ್ಕಿ ಡಬ್ಬ. ನಾಲ್ಕನೆಯದು ಬಚ್ಚಲು. ಕೊನೆಗೆ ನಾನು ಅಳುವುದನ್ನೇ ಕೈಬಿಟ್ಟು ಊಟಕ್ಕೆ ಕೂತೆ.

ಹಾಗಾಗಿ ನಾನೂ ನನ್ನ ಅಣ್ಣ ನಾಗರಾಜನೂ ಸೇರಿ ಜೀವನ್ ಬಿಮಾ ನಗರದಲ್ಲಿ ಮನೆ ಕಟ್ಟಿಸಿದಾಗ ನಾನು ಬೇರೇನನ್ನೂ ಕೇಳಲಿಲ್ಲ. ಕೆಳಗಿನ ಮನೆ ನೀನಿಟ್ಟುಕೋ, ಮೇಲಿನದು ನಮಗಿರಲಿ, ತೆಂಗಿನಮರದ ಕಾಯಿಯನ್ನೆಲ್ಲ ನೀನೇ ತೆಗೆದುಕೋ, ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ನನಗೊಂದು ಪುಟ್ಟ ಕೋಣೆ ಕಟ್ಟಿಸಿಬಿಡು ಎಂದೆ. ಕಟ್ಟಿಸಿದ. ಅದರೊಳಗೆ ಒಂದು ಆರಾಮ ಕುರ್ಚಿ, ಒಂದು ರೇಡಿಯೋ, ಕಟ್ಟು ಕಟ್ಟಿ ಇಟ್ಟ ಹಳೆಯ ಪೇಪರು, ಬಾಗಿಲಿಗೆ ಒಳಗಿನಿಂದ ಚಿಲಕ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮೇಲೆ ಹತ್ತಿ ಆ ಚಿಲಕ ಹಾಕಿದಾಗ ಆಗುವ ‘ಟಕ್’ ಎಂಬ ಸದ್ದಿಗೆ ಸಮನಾದ ಸಂಗೀತವನ್ನು ನಾನು ಈವರೆಗೆ ಕೇಳಿಲ್ಲ. ಒಳಗೆ ಹೋಗಿ ನಾನೇನೂ ಘನಕಾರ್ಯ ಮಾಡುತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದೆ. ಆದರೆ ಅದು ಚಿಲಕ ಹಾಕಿಕೊಂಡು ಮಾಡುವ ನಿದ್ದೆ.

ಇನ್ನು ನನ್ನ ಉದ್ಯೋಗದ ವಿಷಯ ಹೇಳಬೇಕು. ಆಗ ನಾನು ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಪೊಲೀಸಲ್ಲ, ತಯಾರಾದ ಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಚೀಟಿ ಕಟ್ಟುವವನು. ಒಮ್ಮೆ ನಾನು ಕೆಂಪು ಚೀಟಿ ಕಟ್ಟಿದೆನೆಂದರೆ ಆ ವಸ್ತುವನ್ನು ಯಾರೂ ಮುಟ್ಟುವಂತಿಲ್ಲ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನ ಜೇಬಿನಲ್ಲಿ ನಾಲ್ಕು ಕೆಂಪು ಚೀಟಿ ಮನೆಗೂ ಬರುವುದು ಸಹಜ. ಸೋರುವ ನಲ್ಲಿಗೆ, ಕಾಲು ಅಲ್ಲಾಡುವ ಸ್ಟೂಲಿಗೆ, ಒಮ್ಮೆ ಕೊಳೆತ ತೆಂಗಿನಕಾಯಿಗೂ ಕಟ್ಟಿದ್ದೆ. ನನ್ನ ಹೆಂಡತಿ ವಿಮಲಾ ಅದನ್ನೆಲ್ಲ ಬಿಚ್ಚಿಟ್ಟುಕೊಂಡು ಧೋಬಿ ಲೆಕ್ಕ ಬರೆಯಲು ಬಳಸುತ್ತಿದ್ದಳು.

ಅಣ್ಣ ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಕೈಕಟ್ಟಿ ಕೂರಲಾರದೆ ಹಿತ್ತಲಲ್ಲಿದ್ದ ಎರಡು ಕೋಣೆಗೆ ಸುಣ್ಣ ಹೊಡೆಸಿ ‘ಅತಿಥಿ ಗೃಹ’ ಎಂಬ ಬೋರ್ಡು ಹಾಕಿದ. ನಮಗೆ ವಿಮಾನ ನಿಲ್ದಾಣ ಹತ್ತಿರ. ಊರು ನೋಡಲು ಬರುವವರು, ವಾರ ಹತ್ತು ದಿನ ರಜಾ ಕಳೆಯುವವರು, ಹೇಗೋ ಸುದ್ದಿ ತಿಳಿದು ಬರತೊಡಗಿದರು. ಎರಡೂ ಸಂಸಾರದ ಪಾಲಿನ ವ್ಯವಹಾರ. ಅಣ್ಣ ಫೋನು, ಸರೋಜತ್ತಿಗೆ ತಿಂಡಿ, ವಿಮಲಾ ಹಾಸಿಗೆ ದಿಂಬು. ನಾನು ಇನ್‌ಸ್ಪೆಕ್ಷನ್. ಅಣ್ಣನದು ಒಂದೇ ದೋಷ: ಅವನಿಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ವಿಮಾ ಕಚೇರಿಯಲ್ಲಿ ಅಷ್ಟು ವರ್ಷ ಜನರ ಬಾಯಲ್ಲಿ ‘ಇಲ್ಲ, ಇಲ್ಲ’ ಕೇಳಿ ಕೇಳಿ ಅವನಿಗೆ ಆ ಶಬ್ದದ ಮೇಲೇ ಜಿಗುಪ್ಸೆ ಬಂದಿತ್ತು.

ಒಂದು ಭಾನುವಾರ ಬೆಳಿಗ್ಗೆ ಧಾರವಾಡದಿಂದ ಫೋನು ಬಂತು. ಕುಲಕರ್ಣಿ ಮಾಸ್ತರು ಎಂಬ ನಿವೃತ್ತ ಹೆಡ್‌ಮಾಸ್ಟರು. ಹೆಂಡತಿಯೊಂದಿಗೆ ಒಂದು ವಾರ ಬೆಂಗಳೂರು ನೋಡಲು ಬರುತ್ತಾರಂತೆ, ರೂಮು ಇದೆಯಾ ಎಂದು. ಹಿತ್ತಲಿನ ಎರಡೂ ಕೋಣೆ ಭರ್ತಿ. ಅಣ್ಣ ಫೋನಿನಲ್ಲಿ, “ಬನ್ನಿ ಬನ್ನಿ, ಧಾರಾಳವಾಗಿ ಬನ್ನಿ. ತಾರಸಿ ಮೇಲೆ ರೂಮಿದೆ, ಗಾಳಿ ಬೆಳಕು ಚೆನ್ನಾಗಿದೆ, ವಿಮಾನ ತಲೆ ಮೇಲೇ ಹೋಗುತ್ತೆ” ಎನ್ನುವುದು ನನ್ನ ಕಿವಿಗೆ ಬಿತ್ತು. ಕೈಯಲ್ಲಿದ್ದ ಕಾಫಿ ಲೋಟ ಹಾಗೇ ನಿಂತಿತು.

“ತಾರಸಿ ಮೇಲೆ ಯಾವ ರೂಮಿದೆ?” ಎಂದೆ.

“ನಿನ್ನದೇ ಕಣೋ. ನೀನು ವಾರಕ್ಕೊಂದ್ಸಲ ನಿದ್ದೆ ಮಾಡ್ತೀಯ. ಅದನ್ನ ಇಲ್ಲೇ ಸೋಫಾ ಮೇಲೆ ಮಾಡು. ಮೂರನೇ ರೂಮು ಆದಂಗೂ ಆಯ್ತು” ಎಂದ ಅಣ್ಣ, ಕರ್ಚೀಫು ಕೇಳಿದಷ್ಟು ಸಲೀಸಾಗಿ.

ಐವತ್ತು ದಾಟಿದ ಮನುಷ್ಯ ಒಂದು ಚಿಲಕಕ್ಕಾಗಿ ಅಳುವಂತಿಲ್ಲ. ಜಗಳವಾಡೋಣವೆಂದರೆ ನಾನು ಜಗಳದಲ್ಲಿ ಗೆದ್ದವನೇ ಅಲ್ಲ. ವಿಮಲಾಳ ಮುಖ ನೋಡಿದೆ. ಅವಳಾಗಲೇ ಆ ರೂಮಿಗೆ ಯಾವ ಬಣ್ಣದ ಪರದೆ ಒಪ್ಪುತ್ತದೆಂದು ಯೋಚಿಸುತ್ತಿದ್ದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ಉಪಾಯ ಬೇಕಿತ್ತು. ಹೊಳೆಯಿತು.

“ಆಗಲಿ ಅಣ್ಣ, ಕೊಡ್ತೀನಿ. ಆದ್ರೆ ಆ ರೂಮಿಗೆ ಗೃಹಪ್ರವೇಶ ಆಗಿಲ್ಲ. ಮನೆ ಗೃಹಪ್ರವೇಶದಲ್ಲಿ ಹಸು ಬಂದಿದ್ದು ಕೆಳಗಿನ ಹಾಲ್‌ಗೆ ಮಾತ್ರ. ನಾನು ಮನೆಯವನು, ನಡೀತು. ಹೊರಗಿನವರನ್ನ ಇರಿಸಬೇಕು ಅಂದ್ರೆ ಹಸು ಒಳಗೆ ಬರಲೇಬೇಕು” ಎಂದೆ.

ಇದು ಸರೋಜತ್ತಿಗೆಗೆ ನೇರವಾಗಿ ನಾಟಿತು. ಹಿತ್ತಲಿನ ಕೋಣೆಗೆ ಬಂದ ಮೊಟ್ಟಮೊದಲ ಅತಿಥಿ ಮೊಟ್ಟಮೊದಲ ದಿನವೇ ಬಚ್ಚಲಲ್ಲಿ ಜಾರಿ ಬಿದ್ದಿದ್ದ. ಪೂಜೆ ಮಾಡಿಸದೆ ಇದ್ದದ್ದಕ್ಕೇ ಹಾಗಾಯಿತೆಂದು ಅವರು ಅಂದಿನಿಂದ ಹೇಳುತ್ತಲೇ ಇದ್ದರು. “ನಿಜ ಕಣ್ರೀ, ಹಸು ಬರದೇ ಇದ್ರೆ ನಾನು ತಿಂಡಿ ಮಾಡಿಕೊಡಲ್ಲ” ಎಂದುಬಿಟ್ಟರು. ನಾನು ಮೇಲೆ ಹೋಗಿ ಕೋಣೆಯ ಬಾಗಿಲಿಗೆ ಕೆಂಪು ಚೀಟಿ ಕಟ್ಟಿದೆ: ‘ಗೋಪ್ರವೇಶವಾಗುವ ತನಕ ಬಳಸತಕ್ಕದ್ದಲ್ಲ.’ ನೆಲದಿಂದ ತಾರಸಿಗೆ ಮೂವತ್ತಾರು ಮೆಟ್ಟಿಲು, ನಡುವೆ ಎರಡು ತಿರುವು. ಯಾವ ಹಸು ಹತ್ತೀತು?

ನಾನು ಇನ್‌ಸ್ಪೆಕ್ಟರನಲ್ಲವೇ, ಅಂದಾಜಿನ ಮೇಲೆ ನಿಲ್ಲುವವನಲ್ಲ. ಸಂಜೆ ಕೋಡಿಹಳ್ಳಿಗೆ ಹೋಗಿ ನಮಗೆ ಹಾಲು ಕೊಡುವ ಮುನಿಯಮ್ಮನನ್ನು ವಿಚಾರಿಸಿದೆ. ಮುನಿಯಮ್ಮನ ಮನೆತನದ ರಾಗಿಹೊಲದ ಮೇಲೆಯೇ ನಮ್ಮ ಬಡಾವಣೆಯ ಅರ್ಧ ಎದ್ದಿರುವುದು. ಈಗ ಅವಳಿಗೆ ಮೂರು ಬಿಲ್ಡಿಂಗು ಬಾಡಿಗೆಗಿದೆ. ಆದರೂ ಗೌರಿ ಎಂಬ ಒಂದು ಹಸುವನ್ನು ಬಿಟ್ಟಿಲ್ಲ. ಕೊಟ್ಟಿಗೆ ಖಾಲಿಯಾದರೆ ಮಾನ ಹೋಗುತ್ತದೆ ಎನ್ನುತ್ತಾಳೆ. “ನಿಮ್ಮ ಗೌರಿ ಮೆಟ್ಟಿಲು ಹತ್ತುತ್ತಾಳೇನಮ್ಮ?” ಎಂದು ಕೇಳಿದೆ.

“ಮೆಟ್ಲಾ? ಅಯ್ಯೋ ಬುಡಿ ಸಾಮಿ. ಅದು ನಮ್ಮನೆ ಹೊಸ್ಲು ದಾಟಕ್ಕೇ ಅರ್ಧ ಗಂಟೆ ಮಾಡ್ತೈತೆ” ಎಂದಳು.

ಹಾಲು ಕುಡಿದಷ್ಟು ಸಂತೋಷವಾಯಿತು. ಅವಳಿಗೆ ಎರಡು ಪಟ್ಟು ದಕ್ಷಿಣೆ ಒಪ್ಪಿಸಿ, ಧಾರವಾಡದವರು ಬರುವ ದಿನವೇ ಬೆಳಿಗ್ಗೆ ಹಸು ಕರೆತರಬೇಕೆಂದು ಹೇಳಿ, ಆ ರಾತ್ರಿ ಒಳ್ಳೆಯ ನಿದ್ದೆ ಮಾಡಿದೆ. ಹಸು ಗೇಟಿನ ಬಳಿ ನಿಲ್ಲುತ್ತದೆ, ಅತ್ತಿಗೆ ಒಪ್ಪುವುದಿಲ್ಲ, ಅಣ್ಣ ಮಾಸ್ತರರಿಗೆ ಬೇರೆಲ್ಲೋ ವ್ಯವಸ್ಥೆ ಮಾಡುತ್ತಾನೆ. ನನ್ನ ಲೆಕ್ಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆ ದಿನ ಗೌರಿ ಬಂದಳು. ಕೊಂಬಿಗೆ ಬಣ್ಣ, ಹಣೆಗೆ ಕುಂಕುಮ. ಕರು ತುಂಟ ಎಂದು ಮುನಿಯಮ್ಮ ಅದನ್ನು ಮನೆಯಲ್ಲೇ ಕಟ್ಟಿ ಬಂದಿದ್ದಳು. ನಾನು ಗೇಟಿನ ಬಳಿ ಕೈಕಟ್ಟಿ ನಿಂತು, ಹಸು ಹಿಂದೇಟು ಹಾಕುವುದನ್ನು ಕಾಯುತ್ತಿದ್ದೆ. ಗೌರಿ ಮೆಟ್ಟಿಲನ್ನು ಒಮ್ಮೆ ಮೂಸಿದಳು. ಆಮೇಲೆ ತವರಿಗೆ ಬಂದ ಹೆಣ್ಣುಮಗಳ ಹಾಗೆ ಸರಸರನೆ ಹತ್ತಿಕೊಂಡು ಹೋದಳು. ಮೊದಲ ತಿರುವಿನಲ್ಲಿ ನಿಂತು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದಳು, ಎರಡನೆಯ ತಿರುವಿನಲ್ಲಿ ವಿಮಲಾಳ ತುಳಸಿಗಿಡ ತಿಂದಳು, ನೇರ ನನ್ನ ಕೋಣೆಯೊಳಗೆ ಹೋಗಿ ನನ್ನ ಆರಾಮ ಕುರ್ಚಿ ಇದ್ದ ಜಾಗದಲ್ಲಿ ನಿಂತು ಸಗಣಿ ಹಾಕಿದಳು.

“ಶುಭ! ಶುಭ! ಒಳಗೆ ಬಂದ ತಕ್ಷಣ ಹಾಕಿತು!” ಎಂದು ಸರೋಜತ್ತಿಗೆ ಕೈಮುಗಿದರು.

“ನಮ್ ಹೊಲ ಅಲ್ವಾ ಸಾಮಿ, ಅದುಕ್ಕೆ ಗುರ್ತು ಸಿಕ್ಕೈತೆ” ಎಂದಳು ಮುನಿಯಮ್ಮ. ಗೌರಿಗೆ ಆಗ ನಾಲ್ಕು ವರ್ಷ. ಹೊಲ ಹೋಗಿ ಇಪ್ಪತ್ತೈದು ವರ್ಷವಾಗಿತ್ತು.

ಪೂಜೆ ಮುಗಿಯಿತು, ಹಾಲು ಉಕ್ಕಿತು, ಎಲ್ಲರೂ ಕೆಳಗಿಳಿದರು, ಹಸುವೊಂದನ್ನು ಬಿಟ್ಟು. ಗೌರಿ ಮೆಟ್ಟಿಲ ತುದಿಗೆ ಬಂದು ಕೆಳಗೆ ನೋಡಿದಳು, ಎರಡು ಹೆಜ್ಜೆ ಹಿಂದೆ ಸರಿದಳು, ತಿರುಗಿ ಕೋಣೆಗೆ ಹೋದಳು. ಬೆಲ್ಲ ತೋರಿಸಿದೆವು, ಬಾಳೆಹಣ್ಣು ತೋರಿಸಿದೆವು. ಮುನಿಯಮ್ಮ ಮೊದಲು ಮುದ್ದು ಮಾಡಿದಳು, ಆಮೇಲೆ ಬೈದಳು. ಹಿಂದಿನಿಂದ ತಳ್ಳಿದ ಅಣ್ಣನ ಬಿಳಿ ಪಂಚೆಯ ಗತಿ ಹೇಳುವಂತಿಲ್ಲ. ಹಸು ಹತ್ತುವ ಪ್ರಾಣಿಯಂತೆ, ಇಳಿಯುವ ಪ್ರಾಣಿಯಲ್ಲವಂತೆ. ನನ್ನ ಇನ್‌ಸ್ಪೆಕ್ಷನ್ನಿನಲ್ಲಿ ನಾನು ಹತ್ತುವುದನ್ನಷ್ಟೇ ವಿಚಾರಿಸಿದ್ದೆ.

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತು, ಒಂದು ಟ್ರಂಕು, ಹಾಸಿಗೆ ಸುತ್ತಿದ ಒಂದು ಹೋಲ್ಡಾಲು, ಕುಲಕರ್ಣಿ ಮಾಸ್ತರು ಮತ್ತು ಅವರ ಹೆಂಡತಿ ಸುಶೀಲಾಬಾಯಿ ಇಳಿದರು. ಮಾಸ್ತರು ಕಡ್ಡಿಯಂತಿದ್ದರು. ಸುಶೀಲಾಬಾಯಿ ಗಟ್ಟಿ ಮೈಯವರು, ಕಚ್ಚೆ ಸೀರೆ, ಕಣ್ಣಲ್ಲಿ ಸದಾ ಸಣ್ಣದೊಂದು ನಗು. ಅಣ್ಣನಿಗೆ ‘ಇಲ್ಲ’ ಎನ್ನಲು ಬಾರದಷ್ಟೇ ‘ಸ್ವಲ್ಪ ತಾಳಿ’ ಎನ್ನಲೂ ಬಾರದು. ನೇರ ತಾರಸಿಗೆ ಕರೆದೊಯ್ದ. ಮಾಸ್ತರು ಬಾಗಿಲಲ್ಲಿ ನಿಂತು ಕನ್ನಡಕ ಸರಿಮಾಡಿಕೊಂಡು, “ಸರ, ಈ ಖೋಲಿಯೊಳಗ ಆಗಲೇ ಯಾರೋ ಇಳದಾರಲ್ರಿ” ಎಂದರು.

“ಅವರು ಈಗ ಹೊರಡ್ತಾರೆ” ಎಂದ ಅಣ್ಣ.

ಅವರು ಹೊರಡಲಿಲ್ಲ. ಮಾಸ್ತರ ದಂಪತಿಗೆ ನಮ್ಮ ಮಲಗುವ ಕೋಣೆ ಕೊಟ್ಟೆವು. ವಿಮಲಾ ಕೆಳಗೆ ಅತ್ತಿಗೆಯ ಬಳಿ ಹೋದಳು. ಹಸುವಿನ ಉಪಾಯ ನನ್ನದಾದ್ದರಿಂದ ಹಸುವಿನ ಉಸ್ತುವಾರಿಯೂ ನನ್ನದೇ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಕಾರ್ಖಾನೆಗೆ ರಜಾ ಬರೆದೆ. ಕಾರಣ ಎಂಬಲ್ಲಿ ‘ಮನೆಯಲ್ಲಿ ಹಸು’ ಎಂದು ಬರೆದು ಹೊಡೆದುಹಾಕಿ ‘ಜ್ವರ’ ಎಂದು ತಿದ್ದಿದೆ.

ಮೂರು ದಿನ ನಾನೂ ಗೌರಿಯೂ ತಾರಸಿಯಲ್ಲಿ ಒಟ್ಟಿಗಿದ್ದೆವು. ಅವಳು ಕೋಣೆಯೊಳಗೆ, ನಾನು ಟ್ಯಾಂಕಿನ ನೆರಳಲ್ಲಿ. ನಿಜ ಹೇಳಬೇಕೆಂದರೆ ಅಷ್ಟು ಒಳ್ಳೆಯ ಸಂಗಾತಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ವಿಮಾನ ತಲೆಯ ಮೇಲೆ ಹಾದಾಗಲೆಲ್ಲ ಅವಳು ಮೆಲುಕು ನಿಲ್ಲಿಸಿ ಕತ್ತೆತ್ತುತ್ತಿದ್ದಳು. ಇದು ಬಾಂಬೆಗೆ ಹೋಗುವುದು, ಇದರ ಚಕ್ರ ಮಡಚುವ ಭಾಗ ಹೀಗಿರುತ್ತದೆ, ಆ ಬೋಲ್ಟಿಗೆ ಹೋದ ವರ್ಷ ನಾನು ಕೆಂಪು ಚೀಟಿ ಕಟ್ಟಿದ್ದೆ ಎಂದೆಲ್ಲ ನಾನು ವಿವರಿಸುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ನನ್ನ ಮನೆಯವರಾರೂ ಕೇಳದ ವಿಷಯವನ್ನು ಗೌರಿ ಪೂರ್ತಿ ಕೇಳಿದಳು. ಮಧ್ಯೆ ಎದ್ದು ಹೋಗಲಿಲ್ಲ. ಕೆಳಗಿನಿಂದ ಮಾತ್ರ ಅತ್ತಿಗೆಯ ‘ಶುಭ’ ಎಂಬ ದನಿ ದಿನದಿಂದ ದಿನಕ್ಕೆ ಕ್ಷೀಣಿಸುತ್ತಿತ್ತು. ಎಂಟನೆಯ ಸಲದ ಹೊತ್ತಿಗೆ ಅವರು ಫಿನಾಯಿಲ್ ತರಿಸಿದರು.

ಎರಡನೆಯ ದಿನ ಬೀದಿಯವರೆಲ್ಲ ಸಲಹೆ ಹೊತ್ತು ಬಂದರು. ಕರುವನ್ನು ಕೆಳಗೆ ನಿಲ್ಲಿಸಿದರೆ ತಾಯಿ ತಾನಾಗಿ ಓಡಿ ಬರುತ್ತಾಳೆ, ತಾಯಿಕರುಳು ಎಂದರು ಎದುರುಮನೆಯವರು. ಮಾತು ಎಲ್ಲರಿಗೂ ಹಿಡಿಸಿತು. ಮುನಿಯಮ್ಮ ಕರು ತಂದು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಹಗ್ಗ ಬಿಟ್ಟಳು. ಕರು ‘ಅಂಬಾ’ ಎಂದಿತು. ಮೇಲಿನಿಂದ ಗೌರಿ ‘ಅಂಬಾ’ ಎಂದಳು. ನೆರೆದವರಲ್ಲಿ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಮರುಕ್ಷಣ ಕರು ಮೂವತ್ತಾರು ಮೆಟ್ಟಿಲನ್ನು ಮೂರೇ ನೆಗೆತಕ್ಕೆ ಹತ್ತಿದ ಹಾಗೆ ಹತ್ತಿ ಬಂದು ತಾಯಿಯ ಪಕ್ಕ ನಿಂತಿತು. ತಾರಸಿ ರೂಮಿಗೆ ಇನ್ನೊಬ್ಬ ಅತಿಥಿ ಸೇರಿದಂತಾಯಿತು. ಬಾಗಿಲಲ್ಲಿ ತೂಗುತ್ತಿದ್ದ ನನ್ನ ಕೆಂಪು ಚೀಟಿಯನ್ನು ಅದು ಬಂದ ಐದು ನಿಮಿಷದಲ್ಲಿ ತಿಂದು ಹಾಕಿತು.

ಇನ್ನು ಸುಮ್ಮನಿರಬಾರದೆಂದು ನಾನು ಕಾಗದ ಪೆನ್ಸಿಲ್ ಹಿಡಿದು ಕೂತೆ. ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿ, ನಾಲ್ಕು ಕೊಂಡಿ, ಮೇಲೊಂದು ರಾಟೆ; ಕಾರ್ಖಾನೆಯಲ್ಲಿ ಎಂಜಿನ್ ಇಳಿಸುವ ಹಾಗೆ ಗೌರಿಯನ್ನು ನಿಧಾನವಾಗಿ ಇಳಿಸುವುದು. ಮೂರು ಕೋನದಿಂದ ನಕ್ಷೆ ಬರೆದು ಮುನಿಯಮ್ಮನಿಗೆ ತೋರಿಸಿದೆ. ಅವಳು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, “ನಮ್ ಗೌರೀನ ಗಾಳೀಲಿ ತೂಗಾಕ್ತೀರಾ? ಮೊದ್ಲು ನೀವ್ ತೂಗಾಕ್ಕೊಂಡು ತೋರ್ಸಿ ಸಾಮಿ, ಆಮ್ಯಾಕೆ ನೋಡುಮ” ಎಂದಳು. ವಿಮಲಾ ಅದಕ್ಕೆ ತಲೆಯಾಡಿಸಿದ್ದು ನನಗೆ ಹಿಡಿಸಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಲಾಲ್‌ಬಾಗಿಗೆ ಹೊರಟಿದ್ದ ಸುಶೀಲಾಬಾಯಿ ಚಪ್ಪಲಿ ಬಿಚ್ಚಿ ವಾಪಸು ಬಂದರು. “ನೀವು ಹಿಂಗ ಒದರ್‍ಯಾಡಿದ್ರ ಅದು ಸಂಕ್ರಾಂತೀ ಮಟಾ ಇಳಿಯೂದಿಲ್ರಿ. ಆಕಳಕ್ಕ ಇಳ್ಯಾಕ ಅಂಜಿಕಿಲ್ಲ. ಆಳ ಕಾಣ್ತದಲ್ಲ, ಅದಕ್ಕ ಅಂಜಿಕಿ. ಕಣ್ಣಿಗೆ ಆಳ ಕಾಣಬಾರದು, ಬಾಯಿಗೆ ಬೆಲ್ಲ ತಪ್ಪಬಾರದು, ಕಿವಿಯಾಗ ಒಳ್ಳೆ ಮಾತು ಬೀಳ್ತಿರಬೇಕು. ತಾನ ಇಳೀತದ. ಒಂದ ದಪ್ಪನ ಅರಿವಿ ಕೊಡ್ರಿ” ಎಂದರು. ವಿಮಲಾ ತಕ್ಷಣ ಓಡಿಹೋಗಿ ತಂದುಕೊಟ್ಟದ್ದು ನನ್ನ ಮದುವೆಯ ರೇಷ್ಮೆ ಶಲ್ಯ. ಮನೆಯಲ್ಲಿ ದಪ್ಪ ಬಟ್ಟೆ ಅದೊಂದೇ ಇತ್ತೇ ಎಂದು ಕೇಳುವ ಸಮಯ ಅದಾಗಿರಲಿಲ್ಲ.

ಮೆಟ್ಟಿಲ ಮೇಲೆಲ್ಲ ಹುಲ್ಲು ಹಾಸಿ, ಅದರ ಮೇಲೆ ಮಣ್ಣು ಸುರಿದರು. ಶಲ್ಯದಿಂದ ಗೌರಿಯ ಕಣ್ಣು ಕಟ್ಟಿದರು. ಸುಶೀಲಾಬಾಯಿ ಒಂದು ಕೈಯಲ್ಲಿ ಬೆಲ್ಲ ಹಿಡಿದು, ಇನ್ನೊಂದರಲ್ಲಿ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ನೇವರಿಸುತ್ತ, “ಬಾ ನನ್ನವ್ವ, ನಿನ್ನಂಥಾ ಶ್ಯಾಣ್ಯಾಕಿ ಯಾರದಾರ, ಊರಾಗ ಎಲ್ಲಾರೂ ನಿನ್ನ ದಾರೀನ ಕಾಯಾಕತ್ತಾರ” ಎಂದು ಒಂದೇ ಸಮನೆ ಹೇಳುತ್ತ ಹೆಜ್ಜೆ ಹಾಕಿಸಿದರು. ಕಾಲು ಗಂಟೆಯಲ್ಲಿ ಗೌರಿ ನೆಲ ಮುಟ್ಟಿದಳು. ಕರು ಹಿಂದೆಯೇ ಕುಣಿದುಕೊಂಡು ಇಳಿಯಿತು. ಬೀದಿಯವರು ಚಪ್ಪಾಳೆ ತಟ್ಟಿದರು. ಶಲ್ಯ ಬಿಚ್ಚಿದಾಗ ಗೌರಿ ಸುತ್ತ ನೋಡಿ, ತಾನು ಕೆಳಗೆ ಬಂದದ್ದು ಹೇಗೆಂದು ತಿಳಿಯದೆ ಬೆಪ್ಪಾಗಿ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ವಿಮಲಾ ಇಡೀ ಕೆಲಸವನ್ನು ಪಕ್ಕದಲ್ಲೇ ನಿಂತು ಬಹಳ ಗಮನವಿಟ್ಟು ನೋಡಿದಳು. ಆಗ ನಾನು ಅದಕ್ಕೆ ಮಹತ್ವ ಕೊಡಲಿಲ್ಲ.

ಎಲ್ಲರೂ ಹಸುವನ್ನು ಬೀಳ್ಕೊಡುತ್ತಿದ್ದಾಗ ನಾನು ಬಕೆಟ್ಟು ನೀರು ಹಿಡಿದು ಮೇಲೆ ಓಡಿದೆ. ಕೋಣೆ ತೊಳೆದೆ, ಆರಾಮ ಕುರ್ಚಿಯನ್ನು ಮತ್ತೆ ಒಳಗಿಟ್ಟೆ, ಒಳಗೆ ಹೋಗಿ ಚಿಲಕ ಹಾಕಿದೆ. ಟಕ್. “ಈ ವಾಸನೆಯಲ್ಲಿ ಹೊರಗಿನವರು ಇರುವುದು ಸಾಧ್ಯವೇ ಇಲ್ಲ. ಅಭ್ಯಾಸವಾದ ನಾನೇ ಇರಬೇಕು” ಎಂದು ಕಿಟಕಿಯಿಂದ ಘೋಷಿಸಿದೆ. ಅಣ್ಣ ಬಂದು ಕೂಗಿದ. ನಾನು ರೇಡಿಯೋ ಜೋರು ಮಾಡಿದೆ. ಅತ್ತಿಗೆ ಬಂದು ಗದರಿದರು. ವಿಮಲಾ ಮಾತ್ರ ಬರಲೇ ಇಲ್ಲ. ಒಂದು ದಿನ ಕಳೆಯಿತು. ಹಸು ಮಾಡಿದ್ದನ್ನು ಮನುಷ್ಯ ಮಾಡಲಾರನೇ ಎಂದು ನನಗೆ ಹೆಮ್ಮೆಯಾಗುತ್ತಿತ್ತು. ಗೆದ್ದೆ ಎಂದುಕೊಂಡೆ. ಐವತ್ತು ವರ್ಷದಲ್ಲಿ ಮೊದಲ ಸಲ ಒಂದು ಜಗಳದಲ್ಲಿ ಗೆದ್ದಿದ್ದೆ.

ಮಾರನೆಯ ದಿನ ಮಧ್ಯಾಹ್ನ ವಿಮಲಾ ಮೆಲ್ಲಗೆ ಬಂದು ಬಾಗಿಲು ತಟ್ಟಿದಳು. ಅವಳ ಕೈಯಲ್ಲಿದ್ದ ತಟ್ಟೆಯಲ್ಲಿ ಒಂದು ತುಂಡು ಒಬ್ಬಟ್ಟು, ಮೇಲೆ ತುಪ್ಪ. “ರೂಮಿನ ವಿಷ್ಯ ಅಲ್ಲಾರೀ, ನೀವು ಆರಾಮಾಗಿ ಇಲ್ಲೇ ಇರಿ. ಮೇಷ್ಟ್ರು ಎರಡು ದಿನದಿಂದ ವಿಮಾನ ಹೇಗೆ ಹಾರುತ್ತೆ ಅಂತ ಕೇಳ್ತಾನೇ ಇದ್ದಾರೆ. ನಿಮ್ಮಣ್ಣಂಗೆ ಏನ್ ಗೊತ್ತು? ನಿಮ್ಮಷ್ಟು ತಿಳ್ಕೊಂಡೋರು ಈ ಬೀದೀಲಿ ಯಾರಿದ್ದಾರೆ ಹೇಳಿ. ಎಲ್ಲಾರೂ ನಿಮ್ಮನ್ನೇ ಕಾಯ್ತಿದ್ದಾರೆ. ಒಲೆ ಮೇಲೆ ಇನ್ನೂ ಬಿಸಿ ಬಿಸಿ ಇದೆ, ಬನ್ನಿ” ಎಂದಳು.

ನಾನು ಚಿಲಕ ತೆಗೆದು ಹೊರಗೆ ಬಂದು ಒಬ್ಬಟ್ಟಿನ ತುಂಡನ್ನು ಬಾಯಿಗೆ ಹಾಕಿಕೊಂಡೆ. ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿ ಹೇಗೆ ಹೋಗುತ್ತದೆ, ಕೆಳಭಾಗದಲ್ಲಿ ಹೇಗೆ ಎಂದು ಅವಳಿಗೆ ವಿವರಿಸತೊಡಗಿದೆ. “ಹೌದಾ! ಆಮೇಲೆ?” ಎನ್ನುತ್ತ ಅವಳು ನನ್ನ ತೋಳು ಹಿಡಿದುಕೊಂಡು ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದಳು. ಮೊದಲ ತಿರುವು ಬಂತು, ಎರಡನೆಯದು ಬಂತು. ನನಗೆ ಗೊತ್ತೇ ಆಗಲಿಲ್ಲ. ವಿವರಣೆ ವಿಮಾನದ ಬಾಲದ ಭಾಗಕ್ಕೆ ಬರುವಷ್ಟರಲ್ಲಿ ನನ್ನ ಕಾಲು ನೆಲ ಮುಟ್ಟಿತು. ಟ್ರಂಕು ಹೊತ್ತ ಅಣ್ಣ, ಹೋಲ್ಡಾಲು ಹಿಡಿದ ಮಾಸ್ತರು, ಕೊನೆಗೆ ಸುಶೀಲಾಬಾಯಿ ನನ್ನ ಪಕ್ಕದಿಂದ ಹಾದು ಮೆಟ್ಟಿಲು ಹತ್ತಿಕೊಂಡು ಹೋದರು. ಗೋಮಾತೆ ಮೂರು ದಿನ ತಂಗಿದ ಖೋಲಿ, ಉಳಿದ ದಿನ ಅಲ್ಲೇ ಇರುತ್ತೇವೆಂದು ಅವರು ಹಿಂದಿನ ದಿನವೇ ಹೇಳಿದ್ದರಂತೆ. ಹಾದುಹೋಗುವಾಗ ಸುಶೀಲಾಬಾಯಿ ವಿಮಲಾಳ ಮುಖ ನೋಡಿ, ಗುರುಗಳು ಶಿಷ್ಯೆಗೆ ತಲೆಯಾಡಿಸಿದಂತೆ ಒಮ್ಮೆ ತಲೆಯಾಡಿಸಿದರು.

ನಾನು ಸುತ್ತ ನೋಡುತ್ತ ಬೆಪ್ಪಾಗಿ ನಿಂತಿದ್ದೆ. ಮೇಲಿನಿಂದ ‘ಟಕ್’ ಎಂದು ಚಿಲಕ ಬಿದ್ದ ಸದ್ದು ಕೇಳಿಸಿತು. ಗೇಟಿನ ಬಳಿ ಹಾಲಿನ ಕ್ಯಾನು ಹಿಡಿದಿದ್ದ ಮುನಿಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಮ್ ಗೌರಿಗೆ ಕಣ್ಣಿಗ್ ಬಟ್ಟೆ ಕಟ್ಬೇಕಾತು ಸಾಮಿ, ನಿಮ್ಗೆ ಅದೂ ಬ್ಯಾಡ್ವಾಯ್ತು” ಎಂದಳು.

ಒಬ್ಬಟ್ಟು ಮಾತ್ರ ಬಿಸಿಯಾಗಿಯೇ ಇತ್ತು. ನಾಲ್ಕು ತಿಂದು ಸೋಫಾದ ಮೇಲೆ ಮಲಗಿದೆ.